ಹಿಮಕ್ಕೆ ಹೋದ ಚೈನು

ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರ ನಮ್ಮ ಮನೆಯಲ್ಲಿ ಗೋದಲಿ ಕಟ್ಟುವ ಕೆಲಸ ಶುರುವಾಗುತ್ತದೆ. ಬಾಲಯೇಸು, ಕುರಿಗಳು, ಒಂದು ಒಂಟೆ, ಕಿವಿ ಮುರಿದ ಕತ್ತೆ, ಇವೆಲ್ಲ ವರ್ಷವಿಡೀ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿ ಒಣಹುಲ್ಲಿನೊಳಗೆ ಮಲಗಿರುತ್ತವೆ. ಈ ಸಲ ಡಬ್ಬ ಇಳಿಸಲು ಸ್ಟೂಲು ಹತ್ತಿದಾಗ ಹುಲ್ಲಿನ ವಾಸನೆಗಿಂತ ಮೊದಲು ಮೂಗಿಗೆ ಬಡಿದದ್ದು ಗ್ರೀಸಿನ ವಾಸನೆ. ಡಬ್ಬದ ಹಿಂದೆ ಖಾಕಿ ಚೀಲ, ಚೀಲದಲ್ಲಿ ಎರಡು ಟೈರ್ ಚೈನು. ಹಿಮ ಬಿದ್ದ ರಸ್ತೆಯಲ್ಲಿ ಕಾರು ಜಾರದಿರಲಿ ಎಂದು ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿ. ಪೆಟ್ಟಿಗೆಯಿಂದ ಸ್ವೆಟರ್ ತೆಗೆದರೆ ಚಳಿಗಾಲ ಬಂತು ಅಂದುಕೊಳ್ಳುವ ಮೈಸೂರಿನಲ್ಲಿ, ಕೃಷ್ಣಮೂರ್ತಿಪುರಂನ ಮನೆಯೊಂದರ ಅಟ್ಟದಲ್ಲಿ ಇದಕ್ಕೇನು ಕೆಲಸ ಎಂದು ಯಾರಾದರೂ ಕೇಳಬಹುದು. ಕೇಳಿದವರಿಗೆಲ್ಲ ನಾನು ಇದುವರೆಗೆ ಏನೋ ಒಂದು ಹಾರಿಕೆಯ ಉತ್ತರ ಕೊಟ್ಟಿದ್ದೇನೆ.

"ಇಳೀರಿ ಕೆಳಗೆ, ನಾನು ತೆಗೀತೀನಿ," ಎಂದು ನನ್ನ ಹೆಂಡತಿ ಫಿಲೋಮಿನಾ ಸ್ಟೂಲು ಹಿಡಿದುಕೊಂಡು ನಿಂತಿದ್ದಳು. ನಾನು ಇಳಿಯಲಿಲ್ಲ. ಆ ವಾಸನೆಯಲ್ಲಿ ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ ಇಡಿಯಾಗಿ ಎದ್ದು ಬಂದಿತ್ತು.

ನಾವು ಮೂವರು ಗೆಳೆಯರು, ಮೇಟಗಳ್ಳಿಯ ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ನಾನು ಫಿಟ್ಟರ್. ಮಾದೇವ ಸ್ಟೋರ್ಸ್‌ನಲ್ಲಿದ್ದ, ನಾಗರಾಜ ಲಾರಿಗೆ ಮಾಲು ತುಂಬಿಸಿ ಕಳಿಸುವ ವಿಭಾಗದಲ್ಲಿ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೂ ದಿನಾ ಸಂಜೆ ಐದಕ್ಕೆ ಅಗ್ರಹಾರದ ಒಂದು ಕಾಫಿ ಹೋಟೆಲಿನಲ್ಲಿ ಸೇರುತ್ತಿದ್ದೆವು. ಆ ವರ್ಷದ ಮಳೆಗಾಲದಲ್ಲಿ, ಅಲ್ಲೇ, ಮಾದೇವ ಹೊಸದಾಗಿ ಕೊಂಡ ಬಿಳಿ ಕಾರಿನ ಕೀಲಿಯನ್ನು ಮೇಜಿನ ಮೇಲೆ ತಿರುಗಿಸುತ್ತಾ, "ಇದ್ರಲ್ಲಿ ಇಮಾಲಯಕ್ಕೆ ಓಗ್ಬುಡೋದಾ?" ಎಂದ. ತಮಾಷೆಗೆ ಅಂದದ್ದು. ಆದರೆ ನಾನು ಆಗಲೇ ಕಾಗದದ ಕರವಸ್ತ್ರದ ಮೇಲೆ ಬರೆಯತೊಡಗಿದ್ದೆ. ಮನಾಲಿಗೆ ಹೋಗಲು ನಾಲ್ಕು ದಿನ, ಅಲ್ಲಿ ಮೂರು ದಿನ, ಬರಲು ನಾಲ್ಕು. ಒಟ್ಟು ಹನ್ನೊಂದು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹೊರಡುವುದು.

ನನಗೆ ಯಾಕೆ ಅಷ್ಟು ಅವಸರವಾಗಿತ್ತು ಅಂತ ಹೇಳಬೇಕು. ಅದಕ್ಕೂ ಎರಡು ವರ್ಷದ ಹಿಂದೆ ನನ್ನ ಎದೆಗೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ನಾನು ಮನೆಯಲ್ಲಿ ಗಾಜಿನ ಸಾಮಾನಾಗಿದ್ದೆ. ಗ್ಯಾಸ್ ಸಿಲಿಂಡರ್ ಎತ್ತುವ ಹಾಗಿಲ್ಲ, ಬಸ್ಸಿಗೆ ಓಡುವ ಹಾಗಿಲ್ಲ, ಜೋರಾಗಿ ನಕ್ಕರೂ ಫಿಲೋಮಿನಾ ಅಡುಗೆಮನೆಯಿಂದ ಇಣುಕುತ್ತಿದ್ದಳು. ಮೂವತ್ತು ಜನ ಕೂಗಿದರೂ ಕೇಳಿಸದ ಯಂತ್ರಗಳ ನಡುವೆ ಬಾಳಿದವನನ್ನು "ಮೆಲ್ಲಗೆ ಮಾತಾಡಿ" ಎಂದು ಕೂರಿಸಿದ್ದರು. ಆ ಕಾರಿನಲ್ಲಿ ನನ್ನದೊಂದು ಸೀಟು ಎಂದರೆ ನಾನಿನ್ನೂ ಆಳು, ಲೆಕ್ಕಕ್ಕೆ ಬರುವವನು ಅಂತ ಅರ್ಥ. ಹಿಮ ನೋಡುವ ಆಸೆ ಇರಲಿಲ್ಲವೆಂದಲ್ಲ. ಅದು ಆಮೇಲಿನದು. ಡಾಕ್ಟರನ್ನು ಕೇಳಿಯೇ ಬಂದಿದ್ದೆ. "ಹೋಗಿ ಬನ್ನಿ, ತುಂಬ ಎತ್ತರದಲ್ಲಿ ಉಳ್ಕೋಬೇಡಿ, ಮಾತ್ರೆ ತಪ್ಪಿಸಬೇಡಿ," ಎಂದಿದ್ದರು.

ಅಲ್ಲಿಂದ ಶುರುವಾಯಿತು ಚೈನಿನ ಜಗಳ. ಮನಾಲಿಯಿಂದ ಮುಂದೆ ಹಿಮ ಬಿದ್ದ ದಿನ, ಚೈನಿಲ್ಲದ ಗಾಡಿಯನ್ನು ಪೊಲೀಸರು ಮುಂದಕ್ಕೆ ಬಿಡುವುದಿಲ್ಲ ಎಂದು ಎಲ್ಲೋ ಓದಿದ್ದೆ. ಇಲ್ಲಿಂದಲೇ ಒಯ್ಯೋಣ ಎಂದೆ.

"ಅಲ್ಲ ಕಣೋ ಚಿನ್ನಪ್ಪ, ಎರಡೂವರೆ ಸಾವ್ರ ಕಿಲೋಮೀಟ್ರು ಟಾರ್ ರೋಡು. ಅದ್ರಲ್ಲಿ ಇಪ್ಪತ್ತು ಕಿಲೋಮೀಟ್ರಿಗೆ ಚೈನ್ ಒತ್ಕೊಂಡ್ ಓಗ್ಬೇಕಾ? ಅಲ್ಲೇ ಬಾಡ್ಗೆಗೆ ಸಿಕ್ತದೆ ಬುಡು," ಎಂದ ಮಾದೇವ.

"ನಿನ್ನ ಟೈರಿನ ಅಳತೆಗೆ ಸಿಗದೆ ಹೋದ್ರೆ? ಚಳಿಗೆ ಕೈ ಮರಗಟ್ಟಿರೋವಾಗ ಯಾವ ಕೊಕ್ಕೆ ಎಲ್ಲಿಗೆ ಅಂತ ಕಲೀತೀಯಾ? ಯುದ್ಧಕಾಲೇ ಶಸ್ತ್ರಾಭ್ಯಾಸ!"

ನಾಗರಾಜನದು ಬೇರೆಯದೇ ವಾದ. ಅವನು ಹೊಟ್ಟೆಯ ಮನುಷ್ಯ. "ಆ ಚೀಲ ಇಡೋ ಜಾಗದಲ್ಲಿ ನಮ್ಮಮ್ಮನ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದು ಸಣ್ಣ ಸ್ಟೌವು ಹಿಡಿಸುತ್ತೆ ಕಣಯ್ಯಾ. ಹಿಮ ಬಿದ್ರೆ ಕಾರು ನಿಲ್ಲಿಸಿ, ಅಲ್ಲಿನ ಟ್ಯಾಕ್ಸೀಲಿ ಹೋಗಿ ನೋಡ್ಕೊಂಡು ಬಂದರಾಯ್ತು."

"ಹಾಗಾದ್ರೆ ಇಲ್ಲಿಂದಲೇ ರೈಲಲ್ಲಿ ಹೋಗು, ಗೊಜ್ಜು ತಿಂದ್ಕೊಂಡು," ಎಂದೆ. ನಾನು ಮುಂಗೋಪಿ, ಒಪ್ಪಿಕೊಳ್ಳುತ್ತೇನೆ. ಆ ಸಂಜೆ ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಬಂದಿದ್ದೆ.

ದಸರೆಯ ಹೊತ್ತಿಗೆ ಊರು ಜನರಿಂದ ತುಂಬಿ ಅಗ್ರಹಾರದ ಕಡೆಗೆ ಕಾಲಿಡಲಾಗದೆ ನಮ್ಮ ಭೇಟಿ ಹತ್ತು ಹದಿನೈದು ದಿನ ನಿಂತಿತು. ಆ ದಿನಗಳಲ್ಲಿ ನಾನು ಮನೆಯಲ್ಲಿ ಕೂತು ಫೋನಿನಲ್ಲಿ ವಿಡಿಯೋ ಹುಡುಕಿದೆ. ಚೈನು ಹಾಕದ ಕಾರುಗಳು ಹಿಮದಲ್ಲಿ ಜಾರುವುದು, ಬ್ರೇಕು ಒತ್ತಿದರೂ ನಿಲ್ಲದೆ ಸುತ್ತು ತಿರುಗಿ ಪ್ರಪಾತದ ಅಂಚಿಗೆ ಹೋಗುವುದು, ಒಳಗಿದ್ದವರು ಬಾಗಿಲು ತೆಗೆದು ಹಾರಿಕೊಳ್ಳುವುದು. ಒಂದಕ್ಕಿಂತ ಒಂದು ಭಯಂಕರವಾದದ್ದನ್ನೇ ಆರಿಸಿ ಇಬ್ಬರಿಗೂ ಕಳಿಸಿದೆ. ದಿನಾ ಬೆಳಿಗ್ಗೆ ಎದ್ದವರು ಹೂವಿನ ಚಿತ್ರ ಹಾಕಿ ಶುಭೋದಯ ಹೇಳುವುದಿಲ್ಲವೇ, ಹಾಗೆ.

ಮನೆಯಲ್ಲಿ ಫಿಲೋಮಿನಾಗೂ ತೋರಿಸುತ್ತಿದ್ದೆ. ಸೊಗಡು ಅವರೆ ಬಂದ ಮೇಲಂತೂ ಅವಳು ಮಧ್ಯಾಹ್ನವೆಲ್ಲ ಹಿತುಕವರೆ ಬೇಳೆ ಮಾಡಲು ನೆನೆಸಿದ ಕಾಳು ಹಿಸುಕುತ್ತಾ ಕೂತಿರುತ್ತಿದ್ದಳು. ಎದುರಿಗೆ ಫೋನು ಹಿಡಿಯುತ್ತಿದ್ದೆ. ಒಂದು ದಿನ ಬಿಳಿ ಕಾರೊಂದು, ಥೇಟ್ ಮಾದೇವನದರ ಹಾಗಿರುವುದು, ಹಿಂದುಹಿಂದಕ್ಕೆ ಜಾರಿ ಕಾಣದಾದ ವಿಡಿಯೋ.

"ಇದು ಯಾವ ಊರು ರೀ?"

"ನಾವು ಹೋಗೋ ರಸ್ತೇನೇ."

ಅವಳ ಕೈ ಕಾಳಿನ ಪಾತ್ರೆಯಲ್ಲೇ ನಿಂತಿತು. "ಹೌದು, ಚೈನ್ ಬೇಕೇ ಬೇಕು," ಎಂದಳು. ನನ್ನ ಪಕ್ಷಕ್ಕೆ ಒಬ್ಬರಾದರೂ ಸಿಕ್ಕರಲ್ಲ ಎಂದು ನಾನು ಹಿಗ್ಗಿದೆ. ಹೆಂಗಸರಿಗೆ ಬೇಗ ಅರ್ಥವಾಗುತ್ತದೆ ಎಂದು ಸಂಜೆ ಗೆಳೆಯರಿಗೆ ಹೇಳಿಯೂ ಹೇಳಿದೆ.

ಆ ಬಿಳಿ ಕಾರಿನ ವಿಡಿಯೋಗೆ ಮಾದೇವನೂ ಸೋತ. "ಆಯ್ತು ಬುಡಪ್ಪಾ, ತರ್ಸು. ನಿನ್ ಕಾಟ ತಡೀನಾರೆ," ಎಂದ. ತರಿಸಿದೆ. ಬಂದದ್ದು ಒಂದು ಅಳತೆ ದೊಡ್ಡದು. ಮೇಟಗಳ್ಳಿಯಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ಸಹಾಯಕನ ಷೆಡ್ಡಿಗೆ ಒಯ್ದು, ಎರಡೂ ಪಕ್ಕದಲ್ಲಿ ಕೊಂಡಿ ಕತ್ತರಿಸಿ, ನಾನೇ ಕೂತು ಜೋಡಿಸಿದೆ. ಮೊದಲು ಹಾಕಬೇಕಾದ ಒಳಕೊಕ್ಕೆಗೆ ಗೇಟಿಗೆ ಹೊಡೆದು ಉಳಿದ ಕೆಂಪು ಪೈಂಟ್ ಬಳಿದೆ, ಚಳಿಯಲ್ಲಿ ಯಾರಿಗೂ ಗೊಂದಲವಾಗಬಾರದು ಎಂದು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಖಾಲಿ ನಿವೇಶನವೊಂದರ ಮರಳ ರಾಶಿಯ ಪಕ್ಕ ಕಾರು ನಿಲ್ಲಿಸಿ ಇಬ್ಬರಿಗೂ ಪಾಠ ಮಾಡಿದೆ. ನಾಗರಾಜ ಮೊದಲ ಸಲವೇ ಹಿಂದಿನ ಚಕ್ರಕ್ಕೆ ಸುತ್ತಿದ.

"ಹಿಂದಕ್ಕಲ್ಲವೋ ಪುಣ್ಯಾತ್ಮ, ಇಂಜಿನ್ನು ಎಳೆಯೋದು ಮುಂದಿನ ಚಕ್ರಾನ. ಅದಕ್ಕೆ ಹಾಕು. ಕೆಂಪು ಕೊಕ್ಕೆ ಮೊದಲು. ಹೊರಗಿಂದು ಆಮೇಲೆ. ನಾಲ್ಕು ಮಾರು ಓಡಿಸಿ ಇಳಿದು ಮತ್ತೆ ಬಿಗಿ ಮಾಡು."

ಏಳು ಸಲ ಹಾಕಿಸಿ ತೆಗೆಸಿದೆ. ಬೆವರು ಸುರಿಸಿಕೊಂಡು ಅವರಿಬ್ಬರೂ ಬೈದರು. ಏಳನೇ ಸಲ ಮಾದೇವ ಕಣ್ಣು ಮುಚ್ಚಿಕೊಂಡೇ ಹಾಕಿದ. ಆವತ್ತು ನನಗಾದಷ್ಟು ಸಂತೋಷ ಸ್ಟೆಂಟ್ ಹಾಕಿದ ಮೇಲೆ ಒಂದು ದಿನವೂ ಆಗಿರಲಿಲ್ಲ. ಚೈನನ್ನು ಒರೆಸಿ, ಗ್ರೀಸು ಹಚ್ಚಿ, ಖಾಕಿ ಚೀಲಕ್ಕೆ ಹಾಕಿ ನಮ್ಮ ಮಂಚದ ಕೆಳಗಿಟ್ಟುಕೊಂಡೆ.

ಸಂಕ್ರಾಂತಿಯ ಎಳ್ಳುಬೆಲ್ಲ ಮಾದೇವನ ಮನೆಯಿಂದ ಎಂದಿನಂತೆ ಬಂತು. ಭಾನುವಾರ ಮುಂಜಾನೆ ಹೊರಡಬೇಕು, ಶನಿವಾರ ಮಧ್ಯಾಹ್ನ ಅವನ ಫೋನು.

"ಚಿನ್ನಪ್ಪ, ನಮ್ ಕೆಂಪಣ್ಣ ಚಿಕ್ಕಪ್ಪ ಓಗ್ಬುಟ್ರು ಕಣೋ."

ಕೆಂಪಣ್ಣನವರು ನಂಜನಗೂಡಿನ ಆಚೆಯ ಅವನ ಹಳ್ಳಿಯಲ್ಲಿದ್ದರು. ಮಾದೇವನಿಗೆ ಅಪ್ಪ ತೀರಿದ ಮೇಲೆ ಅಪ್ಪನಾದವರು. ನಮ್ಮ ಮನೆಗೂ ಎಷ್ಟೋ ಸಲ ಬಂದು, ಕ್ರಿಸ್‌ಮಸ್‌ಗೆ ಕರಿಯುವ ಸಿಹಿ ಕಲಕಲ ತಿಂದು, ಚೀಲಕ್ಕೂ ಒಂದಷ್ಟು ಇರಲಿ ಎಂದು ಕೇಳಿ ಒಯ್ದವರು. ಈಗಲೇ ಹೊರಟು ಬರುತ್ತೇನೆ ಎಂದೆ.

"ಬ್ಯಾಡ ಬ್ಯಾಡ. ಮಣ್ ಮಾಡಿ ಆಯ್ತು. ಬಿಸ್ಲಲ್ಲಿ ನೀನ್ ಅಷ್ಟು ದೂರ ಬರ್ಬ್ಯಾಡ. ಸೂತಕ ಅಲ್ವಾ, ಅನ್ನೊಂದ್ ದಿನ ನಾನು ಊರಲ್ಲೇ ಇರ್ತೀನಿ, ಎಲ್ಗೂ ಓಗಂಗಿಲ್ಲ. ಇಲ್ಲಿ ಪೋನು ಸರ್ಯಾಗ್ ಸಿಗಲ್ಲ. ಟ್ರಿಪ್ಪು ಮುಂದ್ಕಾಕವ. ನಾಗ್ರಾಜಂಗೂ ಯೋಳಿವ್ನಿ, ಅವ್ನು ಮಗಳ ಮನೆಗ್ ಓಯ್ತೀನಿ ಅಂದ."

ಸೂತಕ ಎಂದ ಮೇಲೆ ನಾನು ಎರಡನೇ ಮಾತು ಆಡಲಿಲ್ಲ. ನಾನು ಕ್ರೈಸ್ತ, ನಮ್ಮಲ್ಲಿ ಅದಿಲ್ಲ. ಹಾಗಂತಲೇ ಇನ್ನೊಬ್ಬರ ಮನೆಯ ಸೂತಕ ಎಂದರೆ ನಾನು ಅವರಿಗಿಂತ ಒಂದು ಹೆಜ್ಜೆ ಹೆಚ್ಚೇ ಹಿಂದೆ ನಿಲ್ಲುತ್ತೇನೆ. ಫೋನು ಮಾಡಿ ಪೀಡಿಸಬಾರದು, ಮನೆ ಬಾಗಿಲಿಗೆ ಹೋಗಬಾರದು. ಮನಸ್ಸಿನಲ್ಲಿ ಪೆಚ್ಚಾದರೂ, ಸಾವಿನ ಮನೆಯ ಮುಂದೆ ನನ್ನ ಹಿಮ ಎಷ್ಟರದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಚರ್ಚಿಗೆ ನಡೆದುಹೋಗಿ, ಭಾನುವಾರದ ಪೂಜೆಯಲ್ಲಿ ಕೆಂಪಣ್ಣನವರ ಆತ್ಮಕ್ಕೆ ಪ್ರಾರ್ಥನೆ ಮಾಡಿಸಲು ಹೆಸರು ಬರೆಸಿ ಬಂದೆ. ಮರುದಿನದ ಪಟ್ಟಿ ತುಂಬಿತ್ತು, ಮುಂದಿನ ಭಾನುವಾರಕ್ಕೆ ಬರೆದುಕೊಂಡರು. ಚೈನಿನ ಚೀಲ ಕಣ್ಣಿಗೆ ಬಿದ್ದರೆ ಹೊಟ್ಟೆ ಉರಿಯುತ್ತದೆಂದು ಆ ವಾರವೆಲ್ಲ ಮಂಚದ ಕೆಳಗೆ ಬಗ್ಗಿಯೂ ನೋಡಲಿಲ್ಲ.

ಮುಂದಿನ ಭಾನುವಾರ ಪೂಜೆಯಲ್ಲಿ ಫಾದರ್ "ಕೆಂಪಣ್ಣನವರ ಆತ್ಮದ ವಿಶ್ರಾಂತಿಗಾಗಿ" ಎಂದು ಓದಿದರು. ಯೇಸುಮರಿಯರ ಹೆಸರಿನ ನಡುವೆ ನಮ್ಮ ಕೆಂಪಣ್ಣನ ಹೆಸರು ಕೇಳಿ ನನ್ನ ಕಣ್ಣು ತುಂಬಿತು. ಪಕ್ಕದಲ್ಲಿ ಫಿಲೋಮಿನಾ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅಗ್ರಹಾರದಲ್ಲಿ ಕಾಫಿಪುಡಿ ಕೊಳ್ಳಲು ಹೋಗಿದ್ದೆ. ಅಂಗಡಿಯಲ್ಲಿ ಪುಡಿ ಬೀಸುತ್ತಿದ್ದರು, ನಾನು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ. ಪಕ್ಕದ ಕನ್ನಡಕದ ಅಂಗಡಿಯಿಂದ ಕೆಂಪಣ್ಣನವರು ಇಳಿದು ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೊಡೆ.

ನನ್ನ ಎದೆ ನಿಲ್ಲಬೇಕಿತ್ತು. ಸ್ಟೆಂಟ್ ಗಟ್ಟಿಯಾಗೇ ಇತ್ತು ಅಂತ ಕಾಣುತ್ತದೆ.

"ಏನ್ ಚಿನ್ನಪ್ನೋರೇ, ನೀವ್ ಓಗ್ನಿಲ್ವಾ?" ಎಂದರು ಸತ್ತವರು.

"ಎಲ್ಲಿಗೆ?"

"ಅದೇ, ಮಾದೇವನ ಜೊತೆ. ಇಮದ್ ಮೇಲೆ ನಿಂತಿರೋ ಪೋಟೋ ಕಳ್ಸವ್ನಲ್ಲಾ, ನೋಡ್ನಿಲ್ವಾ? ನೀವೂ ಅವ್ರೊಟ್ಗೇ ಇದ್ದೀರಿ, ಪೋಟೋ ತೆಗ್ದೋರು ನೀವೇ ಇರ್ಬೇಕು ಅನ್ಕಂಡಿದ್ದೆ," ಎಂದು ಜೇಬಿನಿಂದ ಫೋನು ತೆಗೆದು ಕೊಟ್ಟರು.

ಫೋಟೋದಲ್ಲಿ ಮಾದೇವ ಮತ್ತು ನಾಗರಾಜ, ಕರಡಿಗಳ ಹಾಗೆ ಕೋಟು ತೊಟ್ಟು, ಬಿಳಿ ಕಾರಿನ ಬಾನೆಟ್ಟಿಗೆ ಒರಗಿ ಹಲ್ಲು ಕಿರಿಯುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಬಿಳುಪು. ಮುಂದಿನ ಚಕ್ರಕ್ಕೆ ಚೈನು. ದೊಡ್ಡದು ಮಾಡಿ ನೋಡಿದೆ. ಚಕ್ರದ ಒಳಬದಿಯಲ್ಲಿ ಒಂದು ಚೂರು ಕೆಂಪು. ನಮ್ಮ ಗೇಟಿನ ಬಣ್ಣ.

ಕೆಂಪಣ್ಣನವರಿಗೆ ಏನೂ ಗೊತ್ತಿರಲಿಲ್ಲ, ಆ ಮುಖ ನೋಡಿದರೇ ತಿಳಿಯುತ್ತಿತ್ತು. ನಿಮ್ಮ ಹೆಸರಲ್ಲಿ ನಿನ್ನೆ ಪೂಜೆ ಮಾಡಿಸಿದೆ ಎಂದು ಹೇಗೆ ಹೇಳಲಿ? "ಮೈ ಹುಷಾರಿರಲಿಲ್ಲ, ಹೋಗಲಿಲ್ಲ," ಎಂದೆ. ಅವರಿಗೆ ಕಾಫಿ ಕೊಡಿಸಿದೆ. ಎರಡು ಇಡ್ಲಿಯನ್ನೂ ತಿಂದರು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮಂಚದ ಕೆಳಗೆ ಬಗ್ಗಿದೆ. ಚೀಲ ಇರಲಿಲ್ಲ. ಅದು ಇದ್ದ ಕಡೆ ನೆಲದ ಮೇಲೆ ಗ್ರೀಸಿನ ಕಲೆ ಉಳಿದಿತ್ತು. ನಮ್ಮ ಮನೆಯಲ್ಲಿರುವವರು ಇಬ್ಬರೇ. ನಾನು ಕೊಟ್ಟಿಲ್ಲ ಎಂದ ಮೇಲೆ ಕೊಟ್ಟವರು ಯಾರೆಂದು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಫಿಲೋಮಿನಾ ಬಾಗಿಲಲ್ಲಿ ನಿಂತಿದ್ದಳು. ಅವಳು ಸುಳ್ಳು ಹೇಳಲು ಪ್ರಯತ್ನವನ್ನೂ ಪಡಲಿಲ್ಲ.

"ನಾನೇ ಮಾದೇವಣ್ಣನ ಮನೆಗೆ ಹೋಗಿ ಕಾಲಿಗೆ ಬಿದ್ದು ಕೇಳ್ಕೊಂಡೆ, ಇವರನ್ನ ಬಿಟ್ಟು ಹೋಗಿ ಅಂತ."

"ಡಾಕ್ಟ್ರು ಹೋಗಬಹುದು ಅಂದಿದ್ರಲ್ಲೇ!"

"ಡಾಕ್ಟ್ರು ಆ ವಿಡಿಯೋ ನೋಡಿದಾರಾ? ನಾನು ನೋಡಿದೀನಿ ಕಣ್ರೀ. ದಿನಾ ತೋರ್ಸಿದ್ರಲ್ಲ, ಕಾರು ಹಿಂಗೆ ಜಾರತ್ತೆ, ಹಿಂಗೆ ಬೀಳತ್ತೆ ಅಂತ. ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಬರ್ತಿತ್ತು. ನೀವು ಅದ್ರೊಳಗೆ ಕೂತಿರೋ ಹಾಗೇ."

ಚೈನು ಗೆಲ್ಲಿಸಿಕೊಳ್ಳಲು ನಾನು ಕೂಡಿಸಿದ ಸಾಕ್ಷಿಯೆಲ್ಲ ನನ್ನ ವಿರುದ್ಧವೇ ತಿರುಗಿಕೊಂಡಿತ್ತು. ನನ್ನ ವಾದವನ್ನು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಮಂಡಿಸಿದ್ದೆ.

"ಮತ್ತೆ ಚೈನ್ ಯಾಕೆ ಕೊಟ್ಟೆ?"

"ಅವರೂ ನಾಲ್ಕು ಜನಕ್ಕೆ ಬೇಕಾದೋರು. ಅವರ ಹೆಂಡ್ತೀರೂ ನನ್ನಂಥೋರೇ ಅಲ್ವಾ?"

ಶನಿವಾರ ಸಂಜೆ, ನಾನು ಚರ್ಚಿನಲ್ಲಿ ಕೆಂಪಣ್ಣನವರ ಹೆಸರು ಬರೆಸುತ್ತಿದ್ದಾಗ, ಮಾದೇವ ಮನೆಗೆ ಬಂದು ಚೀಲ ಎತ್ತಿಕೊಂಡು ಹೋಗಿದ್ದನಂತೆ. ಅವನಿಗೆ ಅವಳು ಕಾಫಿಯನ್ನೂ ಮಾಡಿಕೊಟ್ಟಿದ್ದಳಂತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮ ಕಡೆ ಗಾದೆ. ನಾನು ಕೊಡದೆಯೇ ಕೋಡಂಗಿಯಾಗಿದ್ದೆ.

"ನಿನ್ನೆ ಪೂಜೆಯಲ್ಲಿ ಪಕ್ಕದಲ್ಲೇ ಕೂತಿದ್ಯಲ್ಲೇ. ಬದುಕಿರೋ ಮನುಷ್ಯನ ಆತ್ಮಕ್ಕೆ ಹೇಗೇ ಪ್ರಾರ್ಥನೆ ಮಾಡಿದೆ?"

"ನಾನು ಅವರಿಗೆ ಮಾಡಲಿಲ್ಲ," ಎಂದಳು. "ನಿಮಗೆ ಮಾಡಿದೆ. ಮತ್ತೆ ನನಗೆ, ಕ್ಷಮಿಸಪ್ಪಾ ಅಂತ."

ಅವಳ ಭಯ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಜಪಸರ ಹಿಡಿದು ಕೂತಿದ್ದವಳು ಅವಳು. ಆದರೂ ಆ ಸೆರಗು ಹೊದ್ದ ತಲೆ, ಆ ಅಲ್ಲಾಡುವ ತುಟಿ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಆ ದಿನದಿಂದ, ಊಟಕ್ಕೆ ಉಪ್ಪು ಕಡಿಮೆ ಹಾಕಿದ್ದಾಳೆಯೇ ಎಂದೂ ಅನುಮಾನ.

ಹನ್ನೆರಡನೇ ದಿನ ಮಾದೇವ ಬಂದ. ಮೂಗಿನ ತುದಿ ಸುಟ್ಟು ಕಪ್ಪಾಗಿತ್ತು. ಕೈಯಲ್ಲಿ ಖಾಕಿ ಚೀಲ, ನನಗೊಂದು ಉಣ್ಣೆಯ ಟೋಪಿ. ಫಿಲೋಮಿನಾ ಫೋನಿನಲ್ಲಿ ಎಲ್ಲ ತಿಳಿಸಿದ್ದಳು, ಅದಕ್ಕೇ ಬಾಗಿಲಲ್ಲೇ ತಲೆ ತಗ್ಗಿಸಿದ್ದ.

"ಅತ್ಕಂಡು ಬಂದ್ ಕೇಳುದ್ರಲ್ಲೋ ಅಮ್ಮ. ನಾನೇನ್ ಮಾಡ್ಲಿ?"

"ಮುಖಕ್ಕೆ ಹೇಳಬಹುದಿತ್ತು."

"ಯೋಳಿದ್ರೆ ನೀನ್ ಕೇಳ್ತಿದ್ದಾ?"

ಕೇಳುತ್ತಿರಲಿಲ್ಲ. ಕೂಗಾಡುತ್ತಿದ್ದೆ, ಕಾರಿಗೆ ಅಡ್ಡ ಮಲಗುತ್ತಿದ್ದೆ. ಆದರೆ ಕೂಗಾಡುವ ಹಕ್ಕು ನನ್ನದಾಗಿತ್ತು. ಅದನ್ನು ಅವರಿಬ್ಬರೂ ಸೇರಿ ಕಿತ್ತುಕೊಂಡರು.

"ಅದಕ್ಕೆ ಬದುಕಿರೋ ಚಿಕ್ಕಪ್ಪನ್ನ ಸಾಯಿಸೋದಾ?"

"ಬ್ಯಾರೆ ಏನ್ ಯೋಳಿದ್ರೂ ನೀನು ನಂಬ್ತಿರ್ನಿಲ್ಲ ಕಣೋ. ಸೂತಕ ಅಂದ್ರೆ ಮಾತ್ರ ಸುಮ್ಕಾಯ್ತೀಯ ಅಂತ ಗೊತ್ತಿತ್ತು." ಆಮೇಲೆ ಮೆಲ್ಲಗೆ, ನಗಿಸುವ ಹಾಗೆ, "ಸುಳ್ ಸಾವಿನ ಸುದ್ದಿ ಉಟ್ಟಿದ್ರೆ ಆಯಸ್ಸು ಗಟ್ಟಿಯಾಯ್ತದೆ ಅಂತಾರೆ ಬುಡು," ಎಂದ.

ನನ್ನ ಒಳ್ಳೆಯತನವನ್ನು ಅಳತೆಪಟ್ಟಿ ಹಿಡಿದು ಅಳೆದು, ಸರಿಯಾಗಿ ಅಷ್ಟಕ್ಕೇ ಹೊಂದುವ ಸುಳ್ಳು ಕತ್ತರಿಸಿದ್ದರು. ಅದಕ್ಕೇ ಅದರಿಂದ ಅಷ್ಟು ನೋವಾದದ್ದು. ನನ್ನ ಕರವಸ್ತ್ರದ ಹನ್ನೊಂದು ದಿನ, ಅವರ ಸೂತಕದ ಹನ್ನೊಂದು ದಿನ. ಲೆಕ್ಕ ಹಾಕಿಕೊಟ್ಟವನೂ ನಾನೇ.

ನಾನು ಅವನನ್ನು ಕೇಳಿದ್ದು ಒಂದೇ. "ಯಾವ ಕೊಕ್ಕೆ ಮೊದಲು ಹಾಕಿದ್ರಿ?"

"ಕೆಂಪುದು," ಎಂದ. "ನಮ್ ಮುಂದೆ ಒಂದ್ ಗಾಡಿ ಜಾರಿ ಬಂಡೆಗೆ ಒಡೀತು ಚಿನ್ನಪ್ಪ. ನಮ್ದು ನಿಂತ್ಕೊಂಡ್ತು. ನೀನಿಲ್ದಿದ್ರೆ ನಾವು ವಾಪಸ್ ಬತ್ತಿರ್ನಿಲ್ಲ."

ನಾನಿಲ್ಲದೆಯೇ ಹೋಗಿದ್ದರಲ್ಲ, ಎಂದುಕೊಂಡೆ. ಟೋಪಿ ಬೇಡವೆಂದೆ. ಚೀಲ ಇಸಿದುಕೊಂಡು ಅಟ್ಟಕ್ಕೆ ಹಾಕಿದೆ. ಕೊಂಡಿಗಳು ರಸ್ತೆ ತಾಗಿ ಒಂದು ಬದಿ ಸವೆದಿದ್ದವು, ಗೆರೆ ಗೆರೆಯಾಗಿ ತುಕ್ಕು ಹಿಡಿಯತೊಡಗಿತ್ತು. ಅಗ್ರಹಾರದ ಕಾಫಿ ಹೋಟೆಲಿಗೆ ಮತ್ತೆ ಹೋಗಲಿಲ್ಲ. ನಾಗರಾಜ ಎರಡು ಸಲ ಗೊಜ್ಜು ಕಳಿಸಿದ, ತಿಂದೆವು, ಡಬ್ಬ ವಾಪಸು ಕಳಿಸಿದೆವು, ಅಷ್ಟೆ.

ಮೇ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಪೇಪರ್ ಓದಿ ಮುಗಿಸಿರಲಿಲ್ಲ, ಮಾದೇವನ ಫೋನು ಬಂತು.

"ಚಿನ್ನಪ್ಪ, ಚಿಕ್ಕಪ್ಪ ಓಗ್ಬುಟ್ರು ಕಣೋ."

ನಾಲಿಗೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಮಾತು ಹೊರಗೆ ಬಂದೇಬಿಟ್ಟಿತು. "ಹೌದಾ? ಈ ಸಲ ಯಾವ ಊರಿಗೆ ಹೊರಟಿದ್ದೀರಿ?"

ಆ ಕಡೆ ಹಿಂದೆ ಎಲ್ಲೋ ಹೆಂಗಸರು ಗುಂಪಾಗಿ ಅಳುವ ಸದ್ದು ಕೇಳಿಸತೊಡಗಿತು. "ಅನ್ನೆರಡು ಗಂಟೆಗೆ ಮಣ್ಣು. ಬರೋದಾದ್ರೆ ಬಾ," ಎಂದ ಮಾದೇವ. ಫೋನು ಕಡಿದುಹೋಯಿತು. ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ತಲೆ ಎತ್ತಿದರೆ ಫಿಲೋಮಿನಾ ನನ್ನ ಬಿಳಿ ಷರ್ಟನ್ನು ಇಸ್ತ್ರಿ ಮಾಡಿ ಹಿಡಿದುಕೊಂಡು ನಿಂತಿದ್ದಳು. ಷರ್ಟು ಇನ್ನೂ ಬಿಸಿಯಾಗಿತ್ತು.

"ಈ ಸಲ ನಿಜ ಕಣ್ರೀ. ಹೊರಡಿ."

"ನಿನಗೆ ಹೇಗೆ ಗೊತ್ತು?"

"ಬೆಳಿಗ್ಗೆ ಆರಕ್ಕೇ ಮಾದೇವಣ್ಣ ನನಗೆ ಫೋನ್ ಮಾಡಿದ್ರು. ನಿಮ್ಮ ಎದೆ ತಡ್ಕೊಳ್ಳುತ್ತೋ ಇಲ್ವೋ, ನಿಮಗೆ ಹೇಳೋದೋ ಬೇಡ್ವೋ ಅಂತ ಕೇಳಿದ್ರು."

"ನೀನೇನಂದೆ?"

"ಹೇಳಿ ಅಂದೆ," ಎಂದಳು, ನನಗೆ ಏನೋ ದೊಡ್ಡದನ್ನು ಕೊಟ್ಟವಳ ಹಾಗೆ.